ಮಾವನವರ ಮೌತ್ ಆರ್ಗನ್ನಿನ ತೂಕ

ನಮ್ಮ ಮಾವನವರ ಮೌತ್ ಆರ್ಗನ್ನನ್ನು ನೋಡಬೇಕಾದರೆ ಬಗ್ಗಬೇಕಿತ್ತು. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟ ಸಾಮಾನು ಅದು. ಮೊದಲು ಅದನ್ನು ತೇಗದ ಸ್ಟೂಲಿನ ಮೇಲೆ ಇಟ್ಟಿದ್ದರಂತೆ, ಸ್ಟೂಲು ಮುರಿಯಿತು. ಆಮೇಲೆ ಕಲ್ಲಿನ ಚಪ್ಪಡಿ ತರಿಸಿದರು, ಚಪ್ಪಡಿ ಸೀಳಿತು. ಕೊನೆಗೆ ನಡುಮನೆಯ ನೆಲದ ಮೇಲೇ ರೇಷ್ಮೆ ಬಟ್ಟೆ ಹಾಸಿ ಇಟ್ಟರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅದು ನೆಲದೊಳಗೆ ಬೆರಳುದ್ದ ಇಳಿದಿತ್ತು. ನನ್ನ ಮಗಳು ಶಾಲೆಗೆ ಸೇರುವಷ್ಟರಲ್ಲಿ ಮೊಳದುದ್ದ. ನೋಡಲು ಬಂದವರೆಲ್ಲ ಗುಂಡಿಯ ಪಕ್ಕ ಮಂಡಿಯೂರಿ ತಲೆ ತಗ್ಗಿಸುತ್ತಿದ್ದರು. "ನೋಡಿದ್ಯಾ ನೀಲಾ, ಎಂಥೆಂಥ ದೊಡ್ಡ ಮನುಷ್ಯರು ನಮ್ಮಪ್ಪನ ವಸ್ತುಗೆ ತಲೆ ಬಾಗಿಸ್ತಾರೆ" ಎಂದು ನನ್ನ ಗಂಡ ಪಂಚಾಕ್ಷರಿ ಬೀಗುತ್ತಿದ್ದರು. ಗುಂಡಿಯಲ್ಲಿರುವುದನ್ನು ತಲೆ ಎತ್ತಿಕೊಂಡು ನೋಡುವುದು ಹೇಗೆ ಎಂದು ನಾನು ಕೇಳಲಿಲ್ಲ. ಅದರ ಸುತ್ತ ಕಸ ಗುಡಿಸುವವಳು ನಾನು, ದೀಪ ಹಚ್ಚುವವರು ಅವರು. ಕೆಲಸ ಹಂಚಿಕೆಯಾಗಿತ್ತು.

ನಮ್ಮೂರಿನಲ್ಲಿ ಒಂದು ವಸ್ತುವಿನ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದರೆ ಆ ವಸ್ತು ಭಾರವಾಗುತ್ತದೆ. ಹೇಳಿದವರೇ ಬಾಯಿಬಿಟ್ಟು ವಾಪಸು ತೆಗೆದುಕೊಂಡರೆ ಹಗುರಾಗುತ್ತದೆ. ಬೇರೆ ಊರುಗಳಲ್ಲಿ ಹೇಗೋ ಕಾಣೆ; ನಾನು ಹುಟ್ಟಿದ್ದೂ ಇಲ್ಲೇ, ಮದುವೆಯಾದದ್ದೂ ಇಲ್ಲೇ. ಇಲ್ಲಿನ ಹೆಂಗಸರು ಅಂಗಡಿಯಲ್ಲಿ ಸೀರೆಯನ್ನು ಅಂಗೈ ಮೇಲೆ ಇಟ್ಟುಕೊಂಡೇ "ಅಪ್ಪಟ ರೇಷ್ಮೆನಾ?" ಎಂದು ಕೇಳುತ್ತಾರೆ. ಅಂಗಡಿಯವನು ಕೆಮ್ಮುತ್ತಾನೆ, ಈ ಸಲ ಸೆಕೆ ಜಾಸ್ತಿ ಎನ್ನುತ್ತಾನೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ "ಉಪ್ಪಿಟ್ಟು ನಮ್ಮ ಹುಡುಗಿಯೇ ಮಾಡಿದ್ದು" ಎಂದು ತಾಯಿ ಹೇಳಿದರೆ ಗಂಡಿನ ಕಡೆಯವರು ತಟ್ಟೆಯನ್ನು ಒಮ್ಮೆ ಎತ್ತಿ ನೋಡಿಯೇ ಚಮಚ ಹಾಕುತ್ತಾರೆ. "ಈ ರಸ್ತೆ ಮಾಡಿಸಿದ್ದು ನಾನೇ" ಎಂದು ಪುರಸಭೆಯ ಪ್ರತಿಯೊಬ್ಬ ಅಧ್ಯಕ್ಷರೂ ಹೇಳಿ ಹೇಳಿ, ನಮ್ಮ ಮುಖ್ಯರಸ್ತೆ ಈಗ ಎರಡೂ ಬದಿಯ ಮನೆಗಳಿಗಿಂತ ಒಂದು ಆಳು ತಗ್ಗಿನಲ್ಲಿದೆ. ಬಸ್ಸಿಗೆ ಹೋಗುವವರು ಏಣಿ ಇಳಿದು ಹೋಗುತ್ತಾರೆ. ಅದಕ್ಕೂ ಹೊಂದಿಕೊಂಡಿದ್ದೇವೆ.

ಆದರೆ ನಮ್ಮವರ ಬುದ್ಧಿ ದೊಡ್ಡದು. ಒಬ್ಬಿಬ್ಬರು ಹೇಳಿ ಭಾರವಾದರೆ ಅದು ಸುಳ್ಳು; ಊರೆಲ್ಲ ಸೇರಿ ಹೇಳಿ ಭಾರವಾದರೆ ಅದು ಘನತೆ. ಮೌತ್ ಆರ್ಗನ್ನು ಎರಡನೆಯ ಜಾತಿಗೆ ಸೇರಿತು.

ನನ್ನ ಮಾವ ಮುದ್ದವೀರಪ್ಪನವರು ದೊಡ್ಡ ಯುದ್ಧಕ್ಕೆ ಹೋಗಿ ಬಂದವರು. ನನ್ನ ಗಂಡ ಅಕ್ಷರ ತಿದ್ದುವ ವಯಸ್ಸಿನಲ್ಲಿದ್ದಾಗಲೇ ತೀರಿಕೊಂಡರು. ಸಮುದ್ರ ದಾಟಿ ಬಂದ ಬೇರೆ ಯಾರೂ ನಮ್ಮೂರಿನಲ್ಲಿ ಇರಲಿಲ್ಲವಾದ್ದರಿಂದ, ಅವರು ಸತ್ತ ಮೇಲೆ ಊರಿಗೆ ಒಬ್ಬ ವೀರ ಬೇಕಾದಾಗ ಹುಡುಕಾಟವೇನೂ ಆಗಲಿಲ್ಲ. ಅವರು ಬಿಟ್ಟುಹೋದದ್ದು ಒಂದು ಹರಕು ಕಂಬಳಿ ಮತ್ತು ಈ ಮೌತ್ ಆರ್ಗನ್ನು. ಕಂಬಳಿಯ ಬಗ್ಗೆ ಭಾಷಣ ಮಾಡುವುದು ಕಷ್ಟ. ಹಾಗಾಗಿ ಮೌತ್ ಆರ್ಗನ್ನೇ ಸಿಕ್ಕಿಕೊಂಡಿತು. ಅಧ್ಯಕ್ಷ ಹೊಂಬಾಳೇಗೌಡರು, ಮಾವನವರು ರಣರಂಗದಲ್ಲಿ ಅದನ್ನು ನುಡಿಸಿದಾಗ ಮುನ್ನೂರು ಜನ ಶತ್ರುಗಳು ಬಂದೂಕು ಕೆಳಗಿಟ್ಟು ಅತ್ತರು ಎಂದರು. ಹೆಡ್‌ಮಾಸ್ತರ್ ಶ್ರೀಕಂಠಯ್ಯನವರು, ಅದರ ತಗಡು ತಗ್ಗಾಗಿರುವುದು ಶತ್ರುವಿನ ಗುಂಡು ಬಡಿದು, ಅದಿಲ್ಲದಿದ್ದರೆ ಗುಂಡು ನೇರ ಎದೆಗೇ ಎಂದರು. ತಗಡಿನ ಮೇಲೆ ಮೊಳೆಯಲ್ಲಿ ಗೀಚಿದಂಥ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಇತ್ತು. ಅದು ಪರದೇಶದ ರಾಜ ಕೊಟ್ಟ ಶೌರ್ಯದ ಮುದ್ರೆ ಎಂದೂ ಅವರೇ ಕಂಡುಹಿಡಿದರು. ನನ್ನ ಗಂಡನಂತೂ ವೇದಿಕೆ ಸಿಕ್ಕಿದಲ್ಲೆಲ್ಲ, "ನಮ್ಮಪ್ಪ ದಿನಾ ಬೆಳಿಗ್ಗೆ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಇದನ್ನ ನುಡಿಸ್ತಿದ್ರು" ಎಂದು ಹೇಳಿ ಕರ್ಚೀಫು ತೆಗೆಯುತ್ತಿದ್ದರು. ಪ್ರತಿ ಭಾಷಣದ ಮಾರನೆಯ ದಿನ ನಾನು ಗುಂಡಿಯ ಅಂಚಿನಿಂದ ಹೊಸ ಮಣ್ಣು ಗುಡಿಸುತ್ತಿದ್ದೆ.

ನನ್ನ ಅತ್ತೆ ಶಿವನಂಜಮ್ಮ ಮಾತ್ರ ಯಾವ ಸಭೆಗೂ ಹೋಗುತ್ತಿರಲಿಲ್ಲ. ಯಾರಾದರೂ "ಇದು ನಿಮ್ಮ ಯಜಮಾನರದ್ದೇ ಅಲ್ವಾ ಅಮ್ಮ?" ಎಂದು ಕೇಳಿದರೆ "ಹ್ಞೂಂ, ಅವರ್ದೇ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಅವರು ಒಳಗೆ ಹೋದ ಮೇಲೆ ನೆಲದಿಂದ ಸಣ್ಣಗೆ ಕಟ್ ಎಂದು ಸದ್ದು ಬರುತ್ತಿತ್ತು. ಮನೆಯ ಮರಮುಟ್ಟಿನದ್ದು ಎಂದುಕೊಂಡಿದ್ದೆ.

ಹೀಗಿರುವಾಗ ಪುರಸಭೆಯವರು ಕೆರೆ ಏರಿಯ ಪಕ್ಕ ವೀರ ಮುದ್ದವೀರಪ್ಪ ಸ್ಮಾರಕ ಭವನ ಕಟ್ಟಿಸಿದರು. ಮೌತ್ ಆರ್ಗನ್ನನ್ನು ಅಲ್ಲಿಯ ಗಾಜಿನ ಪೆಟ್ಟಿಗೆಗೆ ಸಾಗಿಸುವುದೆಂದು ತೀರ್ಮಾನವಾಯಿತು. ಮಂಡಿಯಿಂದ ಹಮಾಲರು ಬಂದರು, ಹಗ್ಗ ಬಿಗಿದರು, ಬೊಂಬು ಕೊಟ್ಟರು, ಸೊಂಟ ಹಿಡಿದುಕೊಂಡು ಹೋದರು. ಜಾಕಿ ತಂದರು, ಜಾಕಿ ಬಾಗಿತು. ಉದ್ಘಾಟನೆಯ ದಿನ ಬಂದೇಬಿಟ್ಟಿತು. ಬೆಳಿಗ್ಗೆಯೇ ನಮ್ಮ ಮನೆಯ ಮುಂದೆ ಹೂವಿನ ಪಲ್ಲಕ್ಕಿ ಬಂದು ನಿಂತಿತು, ಬ್ಯಾಂಡಿನವರು ಬಂದು ಕಾಫಿ ಕುಡಿದರು. ಎತ್ತುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ.

ಆಗ ಹೊಂಬಾಳೇಗೌಡರ ತಲೆಗೆ ಒಂದು ಉಪಾಯ ಹೊಳೆಯಿತು. ಸ್ಮಾರಕ ಸಮಿತಿಯವರೆಲ್ಲ ಬಾಗಿಲು ಹಾಕಿಕೊಂಡು, ತಂತಮ್ಮ ಮಾತನ್ನು ತಾತ್ಕಾಲಿಕವಾಗಿ ವಾಪಸು ತೆಗೆದುಕೊಳ್ಳುವುದು. ಪೂರ್ತಿ ಬೇಡ, ಎತ್ತಿ ಪಲ್ಲಕ್ಕಿಯಲ್ಲಿಡಲು ಎಷ್ಟು ಬೇಕೋ ಅಷ್ಟು. ಭವನದಲ್ಲಿ ಕೂರಿಸಿದ ಕೂಡಲೇ ಎಲ್ಲವನ್ನೂ ಮೊದಲಿನ ಹಾಗೆಯೇ ಹೇಳಿಬಿಡುವುದು.

"ಒಂದರ್ಧ ಗಂಟೆ ನಿಜ ಹೇಳಿದ್ರೆ ನಮ್ಮ ಗಂಟೇನು ಹೋಗುತ್ತೆ?" ಎಂದರು ಗೌಡರು.

"ಹೆಂಗಸರು ಒಳಗೆ ಹೋಗ್ಲಿ" ಎಂದರು ಮೇಷ್ಟ್ರು. ನಿಜ ಹೇಳುವಾಗ ಹೆಂಗಸರ ಮುಂದೆ ಸಂಕೋಚವಾಗುತ್ತದೆಯಂತೆ. ಮೊದಲು ಕಟ್ಟಿ ಹೇಳಿದವರು ವಾಪಸು ತೆಗೆದುಕೊಂಡರೆ ಅವರ ಬಾಯಿಂದ ಕೇಳಿ ಹೇಳಿದವರದ್ದೂ ತಾನಾಗಿ ಇಳಿಯುತ್ತದೆ, ಅದು ನಮ್ಮೂರಿನ ಪುಣ್ಯ. ಇಲ್ಲದಿದ್ದರೆ ಇಡೀ ಊರನ್ನೇ ಸಾಲಾಗಿ ನಿಲ್ಲಿಸಬೇಕಾಗುತ್ತಿತ್ತು.

ನಾನು ಅಡುಗೆಮನೆಗೆ ಬಂದೆ. ಹಿತ್ತಲ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದರು. ಬಿಳಿ ಸೀರೆ, ಕೊರಳಲ್ಲಿ ಜಪಮಣಿ, ಕೈಯಲ್ಲಿ ಬಟ್ಟೆಯ ಚೀಲ. ಮುಂದಿನ ಬಾಗಿಲು ಹಾಕಿದ್ದಕ್ಕೆ ಸುತ್ತಿಕೊಂಡು ಬಂದಿದ್ದರು.

"ಯುದ್ಧಕ್ಕೆ ಹೋಗಿದ್ದೋರ ಮನೆ ಇದೇನಾ ತಾಯಿ? ನಾನು ಹೊಳೆಯಾಚೆಯೋಳು, ಲೂರ್ದಮ್ಮ ಅಂತ. ಒಂದು ಸಾಮಾನು ನೋಡಬೇಕಿತ್ತು."

"ಸಂಜೆ ಭವನದಲ್ಲಿ ಎಲ್ಲರಿಗೂ ತೋರಿಸ್ತಾರೆ" ಎಂದೆ.

"ಎಲ್ಲರ ಜೊತೆ ನೋಡೋಕಲ್ಲಮ್ಮ. ಅದರ ತಗಡಿನ ಮೇಲೆ ಶಿಲುಬೆ ಗೀಚೈತೆ ಅಂತ ಸಂತೆಗೆ ಬಂದೋರು ಹೇಳಿದ್ರು. ಅಡ್ಡಗೆರೆ ಒಂದು ಕಡೆ ಸೊಟ್ಟಗೈತಂತೆ. ಹಂಗಿದ್ರೆ ಅದು ನಮ್ಮಣ್ಣ ಅರುಳಪ್ಪಂದು. ಮೊಳೆ ಹುಡುಕಿಕೊಟ್ಟೋಳು ನಾನೇ. ಗೆರೆ ಸೊಟ್ಟ ಆಯ್ತು ಅಂತ ನನ್ನ ತಲೆಗೇ ಮೊಟಕಿದ್ದ. ಆಮೇಲೆ ದಂಡಿಗೆ ಸೇರಿದ. ಹೋದೋನು ಬರಲಿಲ್ಲ."

ಅತ್ತೆ ಒಲೆಯ ಮುಂದೆ ಕೂತಿದ್ದವರು ಸೌಟು ಕೆಳಗಿಟ್ಟರು. ಆ ಹೆಂಗಸಿನ ಮುಖವನ್ನೇ ನೋಡಿದರು.

"ಇಷ್ಟು ವರ್ಷ ಎಲ್ಲಿದ್ದೆ ತಾಯಿ?"

"ಹೊಳೆಯಾಚೆ. ಅಲ್ಲೇ ಹುಟ್ಟಿದ್ದು, ಅಲ್ಲೇ ಬದುಕಿದ್ದು."

"ಹೊಳೆಯಾಚೆ" ಎಂದರು ಅತ್ತೆ ತಮ್ಮಷ್ಟಕ್ಕೆ. "ಒಂದು ಕೂಗಳತೆ." ಮತ್ತೆ ಕೇಳಿದರು, "ನಿಂಗೆ ಅದು ಬೇಕಾ?"

"ಅವನದು ಅಂತ ಮನೇಲಿ ಒಂದು ಅಂಗಿ ಗುಂಡಿ ಕೂಡ ಇಲ್ಲ ಕಣಕ್ಕ. ಸಾಯೋ ಮುಂಚೆ ಒಂದಿನ ತಲೆದಿಂಬಿನ ಪಕ್ಕ ಇಟ್ಕೊಂಡು ಮಲಗ್ತೀನಿ. ಆದ್ರೆ ಹತ್ತಾಳು ಸೇರಿದ್ರೂ ಏಳಲ್ಲ ಅಂತಾರೆ. ನಾನೆಂಗೆ ಹೊತ್ಕೊಂಡು ಹೋಗ್ಲಿ?"

ಅಷ್ಟರಲ್ಲಿ ನಡುಮನೆಯಲ್ಲಿ ನಿಜ ಹೇಳುವ ಕಾರ್ಯಕ್ರಮ ಶುರುವಾಗಿತ್ತು. ನಾವು ಮೂವರೂ ಬಾಗಿಲ ಸಂದಿಯಿಂದ ನೋಡಿದೆವು.

ಮೊದಲು ಗೌಡರು ಗಂಟಲು ಸರಿಮಾಡಿಕೊಂಡರು. "ಮುನ್ನೂರು ಜನ ಅತ್ರು ಅಂತ ನಾನು ಹೇಳಿದ್ದೆ. ಅಷ್ಟಿರಲಿಕ್ಕಿಲ್ಲ. ಒಂದು ಇನ್ನೂರು ಅನ್ನಿ."

"ಗೌಡ್ರೇ, ಅದು ಇನ್ನೂ ಕೆಳಗೆ ಹೋಯ್ತು" ಎಂದರು ನನ್ನ ಗಂಡ.

"ನೂರು."

ನೆಲ ಕಟ್ ಎಂದಿತು.

"ಸರಿ, ಹತ್ತೇ ಜನ. ಅದ್ರಲ್ಲಿ ನಾಕು ಜನ ಅಳ್ಲಿಲ್ಲ, ಬರೀ ಮೂಗೊರಸ್ಕೊಂಡ್ರು." ಸಂತೆಯಲ್ಲಿ ಕುಂಬಳಕಾಯಿಗೆ ಚೌಕಾಸಿ ಮಾಡುವ ಹಾಗೆ ಇಳಿಸುತ್ತಾ ಹೋದರು. ಮೌತ್ ಆರ್ಗನ್ನು ಚೌಕಾಸಿಗೆ ಬಗ್ಗಲಿಲ್ಲ. ಕೊನೆಗೆ ಗೌಡರು ಟವೆಲ್ಲು ಕೊಡವಿ, "ಯಾರೂ ಅಳ್ಲಿಲ್ಲ ಕಣ್ರಪ್ಪ! ನಾನೇ ಕಟ್ಟಿ ಹೇಳಿದ್ದು! ಸಾಕಾ?" ಎಂದರು. ಗುಂಡಿಯೊಳಗಿನ ಮಣ್ಣು ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದಾಯಿತು.

ಮೇಷ್ಟ್ರ ಸರದಿ ಬಂತು. "ಗುಂಡಿನ ವಿಷಯವು ಇನ್ನೂ ಸಂಶೋಧನೆಯ ಹಂತದಲ್ಲಿದೆ" ಎಂದರು. ಏನೂ ಆಗಲಿಲ್ಲ. "ಭಿನ್ನಾಭಿಪ್ರಾಯಗಳಿವೆ" ಎಂದರು. ಏನೂ ಆಗಲಿಲ್ಲ. "ಮೇಷ್ಟ್ರೇ, ಸುಳ್ಳು ಅನ್ನೋ ಪದ ನಿಮ್ಮ ಬಾಯಲ್ಲಿ ಬರಲ್ವಾ?" ಎಂದು ಗೌಡರು ರೇಗಿದರು, ತಾವು ಹೇಳಿಯಾದ ಮೇಲೆ ಇನ್ನೊಬ್ಬರು ತಡಮಾಡಿದರೆ ಅವರಿಗೆ ಸಹಿಸುತ್ತಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಗೋಡೆಯ ಕಡೆ ತಿರುಗಿ, "ಸುಳ್ಳು. ಗುಂಡೂ ಸುಳ್ಳು, ಮುದ್ರೆಯೂ ಸುಳ್ಳು" ಎಂದು ಪಾಠ ಒಪ್ಪಿಸುವ ಮಕ್ಕಳ ಹಾಗೆ ಹೇಳಿದರು.

ಇನ್ನು ಉಳಿದವರು ನನ್ನ ಗಂಡ. ಎಲ್ಲರೂ ಅವರನ್ನೇ ನೋಡುತ್ತಿದ್ದರು. "ಅಪ್ಪ ಇದನ್ನ ನುಡಿಸಿದ್ದು ನಾನು ಕೇಳೇ ಇಲ್ಲ" ಎಂದರು. ಇನ್ನೂ ಏನೋ ಉಳಿದಿತ್ತು. "ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ದೂ ಇಲ್ಲ. ಅಪ್ಪ ಯಾರನ್ನೂ ಹತ್ರ ಬಿಟ್ಕೊಳ್ತಿರಲಿಲ್ಲ." ಈ ಸಲ ಅವರು ಕರ್ಚೀಫು ತೆಗೆಯಲಿಲ್ಲ, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಆ ಭಾಷಣವನ್ನು ಆಡಿಕೊಂಡು ನಕ್ಕವಳು ನಾನು. ಅವತ್ತು ನನಗೆ ಅವರನ್ನು ನೋಡಿ ಬಹಳ ಅಯ್ಯೋ ಅನಿಸಿತು.

ಗೌಡರು ಖುಷಿಯಾಗಿ ಇಬ್ಬರು ಸದಸ್ಯರನ್ನು ಕರೆದು ಹಗ್ಗ ಹಿಡಿಸಿದರು. ಮೌತ್ ಆರ್ಗನ್ನು ಏದುತ್ತಾ ಏದುತ್ತಾ ಮೇಲೆ ಬಂತು. ರೇಷ್ಮೆಯ ದಿಂಬಿನ ಮೇಲೆ ಇಟ್ಟರು. ಆದರೆ ದಿಂಬಿನ ಸಮೇತ ಎತ್ತಲು ಹೋದರೆ ಮೊಣಕಾಲಿನ ಎತ್ತರಕ್ಕೂ ಬರಲಿಲ್ಲ. "ಇನ್ಯಾರದೋ ಒಂದು ಬಾಕಿ ಐತೆ" ಎಂದು ಗೌಡರು ಎಲ್ಲರ ಮುಖವನ್ನೂ ಅನುಮಾನದಿಂದ ನೋಡಿದರು.

"ನಂದು" ಎಂದು ಅತ್ತೆ ಬಾಗಿಲು ತಳ್ಳಿಕೊಂಡು ನಡುಮನೆಗೆ ಹೋದರು. ಲೂರ್ದಮ್ಮನ ಕೈ ಹಿಡಿದುಕೊಂಡೇ ಹೋದರು.

"ಅದು ನಮ್ಮೆಜಮಾನ್ರದಲ್ಲ. ಅವರದು ಅಂತ ಕೇಳಿದೋರಿಗೆಲ್ಲ ಹೇಳ್ತಾ ಬಂದೆ. ಸುಳ್ಳು. ಅದು ಈಯಮ್ಮನ ಅಣ್ಣಂದು. ನಮ್ಮೆಜಮಾನ್ರು ಯುದ್ಧ ಮಾಡಲಿಲ್ಲ, ಹೇಸರಗತ್ತೆ ಮೇಯಿಸಿದ್ರು. ಆ ಹುಡುಗನೂ ಅದೇ ಲಾಯದಲ್ಲಿದ್ದ. ರಕ್ತಭೇದಿ ಆಗಿ ಹೇಸರಗತ್ತೆಗಳ ನಡುವೆ ಹುಲ್ಲಿನ ಮೇಲೆ ಸತ್ತ. ಇದನ್ನ ನಮ್ಮವ್ವನ ಕೈಗೆ ಕೊಡು ಮುದ್ದಣ್ಣ ಅಂತ ಕೊಟ್ಟ. ನಮ್ಮೆಜಮಾನ್ರು ಸಮುದ್ರ ದಾಟಿ ವಾಪಸು ಬಂದ್ರು, ಈ ಹೊಳೆ ದಾಟಲಿಲ್ಲ. ಸ್ನಾನ ಮಾಡಿ, ಶುಭ್ರವಾದ ಅಂಗಿ ಹಾಕ್ಕೊಂಡು ದೋಣಿ ಕಡವಿನವರೆಗೂ ಹೋಗೋರು, ವಾಪಸು ಬರೋರು. ಆ ತಾಯಿ ಮುಖ ಹೆಂಗೆ ನೋಡ್ಲಿ ನಂಜಿ ಅಂತ ಅಳೋರು. ವರ್ಷ ವರ್ಷ ಹಂಗೇ ಮಾಡಿ ಸತ್ತೋದ್ರು. ಆಮೇಲೆ ನೀವು ಬಂದು ಭಾಷಣ ಶುರು ಮಾಡಿದ್ರಿ. ವೀರನ ಹೆಂಡ್ತಿ ಅನ್ನಿಸ್ಕೊಳ್ಳೋದು ನಂಗೂ ಹಿತವಾಗಿತ್ತು."

ಮೇಷ್ಟ್ರು ಮೆಲ್ಲಗೆ, "ಹಾಗಾದರೆ ಆ ತಗ್ಗು?" ಎಂದು ಕೇಳಿದರು. ಸಂಶೋಧಕರ ಕುತೂಹಲ.

"ಅದ್ರಲ್ಲಿ ನಾನು ಅಡಿಕೆ ಕುಟ್ಟಿದ್ದೆ" ಎಂದರು ಅತ್ತೆ.

ಲೂರ್ದಮ್ಮ ದಿಂಬಿನ ಹತ್ತಿರ ಹೋಗಿ ತಗಡಿನ ಮೇಲಿನ ಸೊಟ್ಟ ಗೆರೆಯ ಮೇಲೆ ಬೆರಳಾಡಿಸಿದರು. "ಗುಂಡು ತಗುಲಿ ಸತ್ತ ಅಂತ ನಮ್ಮವ್ವ ಹೇಳ್ತಿದ್ಲು" ಎಂದರು. ಬೆರಳು ತೆಗೆಯದೆಯೇ ಕೇಳಿದರು, "ಅಲ್ಲೂ ಇದನ್ನ ಊದ್ತಿದ್ನಂತಾ?"

"ಊದ್ತಿದ್ದನಂತೆ. ಶುರು ಮಾಡಿದ್ರೆ ಹೇಸರಗತ್ತೆಗಳೆಲ್ಲ ಒಟ್ಟಿಗೆ ಕಿರುಚ್ಕೊಳ್ತಿದ್ವಂತೆ. ಪಕ್ಕದ ಡೇರೆಯೋರು ಬೂಟು ಎಸೀತಿದ್ರಂತೆ."

"ಇಲ್ಲೂ ಹಂಗೇ ಕಣಕ್ಕ!" ಲೂರ್ದಮ್ಮ ನಕ್ಕುಬಿಟ್ಟರು. "ನಮ್ಮ ಬೀದಿ ನಾಯಿಗಳು ಹೊಳೆಗೆ ಇಳೀತಿದ್ವು! ಒಂದು ಹಾಡೂ ಪೂರ್ತಿ ಬರ್ತಿರಲಿಲ್ಲ ಅವನಿಗೆ." ಇಬ್ಬರು ಮುದುಕಿಯರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ನೀರು ಪೂರ್ತಿ ನಗುವಿನದ್ದಾಗಿರಲಿಲ್ಲ.

ಆಮೇಲೆ ಲೂರ್ದಮ್ಮ ಮೌತ್ ಆರ್ಗನ್ನನ್ನು ಎತ್ತಿಕೊಂಡರು. ಪುರಿ ಉಂಡೆ ಎತ್ತಿದ ಹಾಗೆ ಬಂತು.

ಗೌಡರಿಗೆ ಆಗ ಎಚ್ಚರವಾಯಿತು. ಹೊರಗೆ ಪಲ್ಲಕ್ಕಿ, ಬ್ಯಾಂಡು, ಗಾಜಿನ ಪೆಟ್ಟಿಗೆ. "ಏಯ್, ಎಲ್ಲಿಗಮ್ಮಾ?" ಎಂದು ಮುನ್ನುಗ್ಗಿ ಅದನ್ನು ಮುದುಕಿಯ ಕೈಯಿಂದ ಕಿತ್ತುಕೊಂಡರು. ಎತ್ತಿ ಹಿಡಿದು ಭಾಷಣದ ದನಿಯಲ್ಲಿ, "ಇದು ನಮ್ಮ ಊರಿನ ಆಸ್ತಿ!" ಎಂದರು.

ಇಷ್ಟು ವರ್ಷ ನಮ್ಮೂರಿನಲ್ಲಿ ಬದುಕಿದ ಮನುಷ್ಯನಿಗೆ, ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡು ಅದರ ಬಗ್ಗೆ ಮಾತಾಡಬಾರದು ಎಂದು ಗೊತ್ತಿರಬೇಕಿತ್ತು. ಕೈ ಧೊಪ್ಪೆಂದು ನೆಲಕ್ಕೆ ಬಂತು, ಕೈಯ ಹಿಂದೆ ಗೌಡರೂ ಬಂದರು. ಬೆರಳುಗಳು ಮೌತ್ ಆರ್ಗನ್ನಿನ ಕೆಳಗೆ ಸಿಕ್ಕಿಕೊಂಡವು.

"ಅಯ್ಯಯ್ಯೋ, ಬೆರಳು! ಎತ್ರೋ, ಎತ್ರೋ!"

ಸದಸ್ಯರು ಎಳೆದರು. ಜಗ್ಗಲಿಲ್ಲ. "ನಿಜ ಹೇಳ್ಬಿಡಿ ಗೌಡ್ರೇ" ಎಂದರು ನನ್ನ ಗಂಡ.

"ಅರ್ಧ ಊರಿಂದು, ಅರ್ಧ ಈಯಮ್ಮಂದು!" ಎಂದು ಗೌಡರು ರಾಜಿಗೆ ಬಂದರು. ಅದು ಇನ್ನಷ್ಟು ಒತ್ತಿತು. "ನಮ್ದಲ್ಲ! ಯಾವತ್ತೂ ನಮ್ದಲ್ಲ! ಈಯಮ್ಮನ ಅಣ್ಣಂದು!" ಎಂದು ಕಿರುಚಿದ ಕಿರುಚಿಗೆ ಹೊರಗಿದ್ದ ಬ್ಯಾಂಡಿನವರು ಸೂಚನೆ ಬಂತೆಂದು ತಿಳಿದು ಬಾರಿಸಲು ಶುರುಮಾಡಿದರು.

ಲೂರ್ದಮ್ಮ ಬಗ್ಗಿ ಎರಡು ಬೆರಳಲ್ಲಿ ಅದನ್ನು ಎತ್ತಿಕೊಂಡರು. ನನ್ನ ಗಂಡ ಗುಂಡಿಗೆ ಹಾಸಿದ್ದ ರೇಷ್ಮೆ ಬಟ್ಟೆಯನ್ನು ಕೊಡವಿ, ಅದರಲ್ಲಿ ಸುತ್ತಿ, ತಾವೇ ಅವರ ಚೀಲಕ್ಕೆ ಹಾಕಿದರು. "ನಮ್ಮಪ್ಪ ತಂದುಕೊಡಬೇಕಿತ್ತು" ಎಂದಷ್ಟೇ ಹೇಳಿದರು.

ಸಂಜೆ ಉದ್ಘಾಟನೆ ನಡೆಯಿತು, ನಿಲ್ಲುವುದಾದರೂ ಹೇಗೆ? ಗೌಡರು ಬ್ಯಾಂಡೇಜು ಸುತ್ತಿದ ಕೈಯಲ್ಲೇ ಖಾಲಿ ಗಾಜಿನ ಪೆಟ್ಟಿಗೆಯ ಪರದೆ ಎಳೆದು, ವೀರರ ವಾದ್ಯ ಪುಣ್ಯವಂತರ ಕಣ್ಣಿಗೆ ಮಾತ್ರ ಕಾಣುತ್ತದೆ ಎಂದು ಘೋಷಿಸಿದರು. ಸಾಲಿನಲ್ಲಿ ನಿಂತವರೆಲ್ಲ ಕಂಡಿತು ಎಂದರು. ಮೇಷ್ಟ್ರಿಗೆ ಗುಂಡಿನ ಗುರುತೂ ಕಂಡಿತಂತೆ. ಈಗ ಗಾಜಿನ ಪೆಟ್ಟಿಗೆ ಭವನದ ನೆಲದೊಳಗೆ ಇಳಿಯುತ್ತಿದೆ, ಮುಂದಿನ ವರ್ಷ ಭವನವೂ ಹೋಗಬಹುದು. ನಮ್ಮ ನಡುಮನೆಯ ಗುಂಡಿಯನ್ನು ಮಾತ್ರ ನನ್ನ ಗಂಡ ಮಣ್ಣು ಹೊತ್ತು ತಂದು ಮುಚ್ಚಿದರು, ನಾನು ಸಾರಿಸಿದೆ.

ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ಲೂರ್ದಮ್ಮನವರನ್ನು ಬಿಟ್ಟುಬರಲು ನಾನು ಕಡವಿನವರೆಗೆ ಹೋದೆ. ದಾರಿಯುದ್ದಕ್ಕೂ ಅವರು ಚೀಲವನ್ನು ಒಂದು ಬೆರಳಿಗೆ ಸಿಕ್ಕಿಸಿಕೊಂಡು ಸಣ್ಣ ಹುಡುಗಿಯ ಹಾಗೆ ತೂಗಾಡಿಸುತ್ತಾ ನಡೆದರು. ದೋಣಿಯಲ್ಲಿ ಕೂತ ಮೇಲೆ ಅದನ್ನು ಎದೆಗವುಚಿಕೊಂಡರು.

"ಅದೇನವ್ವ ಅಷ್ಟು ಜೋಪಾನ?" ಎಂದ ಅಂಬಿಗ.

"ನಮ್ಮಣ್ಣಂದು ಕಣಪ್ಪ. ಯುದ್ಧಕ್ಕೆ ಹೋಗಿದ್ನಲ್ಲ, ಅವನ ಮೌತ್ ಆರ್ಗನ್ನು."

"ಹೌದಾ! ಚೆನ್ನಾಗಿ ಊದ್ತಿದ್ನಾ?"

ಲೂರ್ದಮ್ಮ ನನ್ನ ಕಡೆ ನೋಡಿದರು. ನಾನು ದಡದಲ್ಲೇ ನಿಂತಿದ್ದೆ, ಅವರು ನಕ್ಕದ್ದನ್ನು ಆಗಷ್ಟೇ ಕಿವಿಯಾರೆ ಕೇಳಿ ಬಂದವಳು. ಅವರು ನಿಧಾನವಾಗಿ ಮುಖ ತಿರುಗಿಸಿಕೊಂಡರು.

"ಊದ್ತಿದ್ನಾ ಅಂತ ಕೇಳ್ತೀಯಲ್ಲಪ್ಪ! ಅವನು ಬಾಯಿಗಿಟ್ಟ ಅಂದ್ರೆ ಈ ಹೊಳೆ ನಿಂತ್ಕೊಂಡು ಕೇಳೋದು."

ದೋಣಿ ಅವರು ಕೂತ ಕಡೆಗೆ ವಾಲಿತು. ನೀರು ಅಂಚನ್ನು ಮುಟ್ಟಿ ಒಳಗೆ ಇಣುಕಿತು. ಅಂಬಿಗ ಹುಟ್ಟು ಊರಿ ಸರಿಮಾಡಿಕೊಂಡು, "ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಆಚೆ ದಡ ಮುಟ್ಟೋವರೆಗೆ ನಿಮ್ಮಣ್ಣನ ಸುದ್ದಿ ಎತ್ತಬೇಡ" ಎಂದ.

ಆಯಿತು ಎಂದು ತಲೆಯಾಡಿಸಿ ಅವರು ಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ದೋಣಿ ಹೊರಟಿತು. ನಡುಹೊಳೆಯಲ್ಲಿ ಅದು ಇನ್ನೊಮ್ಮೆ ತಗ್ಗಿದ್ದು, ದಡದಲ್ಲಿದ್ದ ನನಗೂ ಕಂಡಿತು.